ದಿಯೆನ್‌ಹೊಂಗ್: ಯುನ್ನಾನ್‌ನ ಚಹಾವನ್ನು ಮನೆಯಲ್ಲಿ ಇಳಿಸುವ, ಸವಿಯುವ ಬಗೆ

ಹಾಲು, ಸಕ್ಕರೆ ಇಲ್ಲದ ಟೀ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಹೊಟ್ಟೆ ಕೆಟ್ಟಾಗ ನಿಂಬೆ ಹಿಂಡಿ ಕುಡಿಯುವ ಕಹಿ ನೀರು. ಕರಾವಳಿ ಕಡೆ ಅದಕ್ಕೆ ಕಣ್ಣ ಚಾ ಎಂಬ ಚಂದದ ಹೆಸರೇನೋ ಇದೆ, ಆದರೆ ಅಲ್ಲೂ ಬೆಲ್ಲವನ್ನೋ ಸಕ್ಕರೆಯನ್ನೋ ಹಾಕದೆ ಕುಡಿಯುವವರು ಕಡಿಮೆ. ಟೀ ಪುಡಿಯನ್ನು ಕುದಿಸಿದರೆ ಬರುವ ರುಚಿಯೇ ಅದು. ಎಲೆ ಎಲೆಯಾಗಿಯೇ ಉಳಿದಿರುವ ಚಹಾವನ್ನು ಕುದಿಸದೆ, ಸ್ವಲ್ಪ ಹೊತ್ತು ನೆನೆಸಿ ಸೋಸಿಕೊಂಡರೆ ಏನು ಸಿಗುತ್ತದೆ ಅಂತ ತಿಳಿಯಲು ನಾನು ಯಾರಿಗಾದರೂ ಮೊದಲು ಕೊಡುವುದು ಚೀನಾದ ಯುನ್ನಾನ್ ಪ್ರಾಂತ್ಯದ ದಿಯೆನ್‌ಹೊಂಗ್. ಕೈತಪ್ಪಾದರೂ ಕ್ಷಮಿಸುವ ಎಲೆ ಅದು, ಸಕ್ಕರೆ ಕೇಳುವುದಿಲ್ಲ.

ಹೆಸರಿನ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಿ. ನಾವು ಬ್ಲ್ಯಾಕ್ ಟೀ ಅನ್ನುವುದನ್ನು ಚೀನೀಯರು ಹೊಂಗ್‌ಚಾ, ಅಂದರೆ ಕೆಂಪು ಚಹಾ ಅನ್ನುತ್ತಾರೆ. ಒಣ ಎಲೆಯ ಬಣ್ಣ ನೋಡಿ ಹೆಸರಿಟ್ಟವರು ಒಬ್ಬರು, ಬಟ್ಟಲೊಳಗಿನ ಬಣ್ಣ ನೋಡಿ ಇಟ್ಟವರು ಇನ್ನೊಬ್ಬರು. ಅವರು ಕಪ್ಪು ಚಹಾ, ಹೈಚಾ ಅನ್ನುವುದು ಬೇರೆಯೇ ಜಾತಿ. ಕೊಳೆಹಾಕಿ ಮಾಗಿಸಿದ ಪುಅರ್ ಆ ಗುಂಪಿನದು. ಆನ್‌ಲೈನ್‌ನಲ್ಲಿ ತರಿಸುವಾಗ ಇದು ಗೊತ್ತಿರದಿದ್ದರೆ ಒಂದು ಕೇಳಿ ಇನ್ನೊಂದು ಬಂದೀತು. ದಿಯೆನ್ ಎಂಬುದು ಯುನ್ನಾನ್‌ನ ಹಳೆಯ ಗಿಡ್ಡ ಹೆಸರು. ಪೊಟ್ಟಣದ ಮೇಲೆ ಯುನ್ನಾನ್ ಗೋಲ್ಡ್, ಯುನ್ನಾನ್ ಬ್ಲ್ಯಾಕ್ ಎಂದಿದ್ದರೂ ಸಾಮಾನ್ಯವಾಗಿ ಇದೇ.

ಚಹಾ ಗಿಡಗಳ ಲೆಕ್ಕದಲ್ಲಿ ಯುನ್ನಾನ್ ಬಹಳ ಹಳೆಯ ಸೀಮೆ, ಆದರೆ ಅಲ್ಲಿನ ಕೆಂಪು ಚಹಾಕ್ಕೆ ಇನ್ನೂ ನೂರು ವರ್ಷ ಆಗಿಲ್ಲ. ಜಪಾನ್ ಜೊತೆಗಿನ ಯುದ್ಧದಲ್ಲಿ ಪೂರ್ವ ಚೀನಾದ ಚಹಾ ಸೀಮೆಗಳು ಕೈತಪ್ಪುತ್ತಿದ್ದಾಗ, ರಫ್ತಿಗೆ ಎಲೆ ಬೇಕಾಗಿ, ಫೆಂಗ್ ಶಾವೋಚಿಯು ಎಂಬ ಚಹಾ ತಜ್ಞ 1938ರಲ್ಲಿ ಯುನ್ನಾನ್‌ನ ಶುನ್‌ನಿಂಗ್‌ಗೆ ಬಂದರು. ಈಗ ಆ ಊರಿನ ಹೆಸರು ಫೆಂಗ್‌ಚಿಂಗ್. ಅಲ್ಲಿನ ದೊಡ್ಡೆಲೆಯ ಗಿಡದಿಂದ ಅವರು ಮಾಡಿ ನೋಡಿದ ಕೆಂಪು ಚಹಾ ಚೆನ್ನಾಗಿ ಬಂತು, ಮರುವರ್ಷ ಕಾರ್ಖಾನೆ ಶುರುವಾಯಿತು. ಆ ದೊಡ್ಡೆಲೆಯ ಗಿಡ ಅಸ್ಸಾಮಿಕಾ ತಳಿಯದು. ಅಂದರೆ ನಮ್ಮ ಮೂಲೆ ಅಂಗಡಿಯ ಅಸ್ಸಾಂ ಟೀ ಪುಡಿಗೆ ಇದು ದಾಯಾದಿ. ಮೂಲ ಒಂದೇ ಆದರೂ ಹಾದಿ ಬೇರೆ. ಅಸ್ಸಾಂನಲ್ಲಿ 1930ರ ದಶಕದಲ್ಲಿ ಬಂದ ಸಿಟಿಸಿ ಯಂತ್ರ ಎಲೆಯನ್ನು ಜಜ್ಜಿ, ಹರಿದು, ಉಂಡೆ ಕಟ್ಟಿತು. ಆ ಕಾಳು ನೀರಿಗೆ ಬಿದ್ದೊಡನೆ ಇದ್ದದ್ದನ್ನೆಲ್ಲ ಬಿಟ್ಟುಬಿಡುತ್ತದೆ, ಹಾಲಿನ ಎದುರು ನಿಲ್ಲುವಷ್ಟು ಕಡಕ್ ಆಗುತ್ತದೆ. ದಿಯೆನ್‌ಹೊಂಗ್‌ನ ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಯಾಡಲು ಬಿಟ್ಟು ಕೆಂಪಾಗಿಸಿ, ಒಣಗಿಸುತ್ತಾರೆ. ಎಲೆ ಹರಿಯದ ಕಾರಣ ರುಚಿಯನ್ನು ಕಂತು ಕಂತಾಗಿ ಕೊಡುತ್ತದೆ. ಮುಂದೆ ಹೇಳುವ ವಿಧಾನವೆಲ್ಲ ನಿಂತಿರುವುದು ಇದೊಂದರ ಮೇಲೆ.

ಎಲೆ ಆರಿಸುವುದು

ಮೊದಲ ಸಲಕ್ಕೆ 50 ಗ್ರಾಂ ಸಾಕು. ಬರೀ ಚಿನ್ನದ ಬಣ್ಣದ ಕುಡಿಗಳೇ ತುಂಬಿದ ದುಬಾರಿ ಪೊಟ್ಟಣಕ್ಕೆ ಕೈಹಾಕಬೇಡಿ. ಕುಡಿಯ ಮೇಲಿನ ನವಿರಾದ ರೋಮ, ಹೊಸೆಯುವಾಗ ಹೊರಬಂದ ರಸ ಹತ್ತಿ ಹೊಂಬಣ್ಣಕ್ಕೆ ತಿರುಗುತ್ತದೆ. ನೋಡಲು ಬಹಳ ಚಂದ, ಕುಡಿದರೆ ಮೃದು, ಆದರೆ ಮೈ ಸ್ವಲ್ಪ ತೆಳು. ಹೊಂಬಣ್ಣದ ಕುಡಿಯೂ ಕಪ್ಪು ಎಲೆಯೂ ಬೆರೆತದ್ದರಲ್ಲಿ ರುಚಿಗೆ ತೂಕ ಹೆಚ್ಚು, ಬೆಲೆ ಕಡಿಮೆ. ನನ್ನ ಮನೆಯಲ್ಲಿ ದಿನಬಳಕೆಗೆ ಇರುವುದು ಅದೇ.

ಶಾಯ್‌ಹೊಂಗ್ ಎಂದು ಬರೆದಿದ್ದರೆ ಅದು ಬಿಸಿಲಲ್ಲಿ ಒಣಗಿಸಿದ್ದು. ಅದಕ್ಕೆ ಸಣ್ಣ ಹುಳಿ ಇರುತ್ತದೆ, ಒಂದೆರಡು ವರ್ಷ ಇಟ್ಟರೆ ಮಾಗುತ್ತದೆ. ಒಳ್ಳೆಯದೇ, ಆದರೆ ಮೊದಲ ಪರಿಚಯಕ್ಕೆ ಬಿಸಿಗಾಳಿಯಲ್ಲಿ ಒಣಗಿಸಿದ್ದು ಸಲೀಸು. ಹೊಗೆ ವಾಸನೆಯ ಚೀನೀ ಚಹಾ ಕುಡಿದು ಮುಖ ಕಿವುಚಿದ ಅನುಭವ ಇದ್ದರೆ ಹೆದರಬೇಡಿ: ಅದು ಫೂಜಿಯೆನ್ ಪ್ರಾಂತ್ಯದ ವೂಯಿ ಬೆಟ್ಟದ ಕಡೆಯ, ಪೈನ್ ಸೌದೆಯ ಹೊಗೆಯಲ್ಲಿ ಒಣಗಿಸುವ ಲಾಪ್ಸಾಂಗ್ ಸೂಚಾಂಗ್. ದಿಯೆನ್‌ಹೊಂಗ್‌ಗೆ ಹೊಗೆ ಇಲ್ಲ.

ನೀರು

ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ನಾನು ಎಡವಿದ್ದು ಇಲ್ಲೇ.

ನಾನು ಮೊದಲು ಬೆಂಗಳೂರಿನಲ್ಲಿದ್ದ ಬಾಡಿಗೆ ಮನೆಗೆ ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆಲ್ಲ ಬಿಳಿ ಕರೆ ಕಟ್ಟುವಂಥ ಗಡಸು ನೀರು. ಅದನ್ನೇ ಕುದಿಸಿ ಚಹಾ ನೆನೆಸಿದೆ. ಐದು ನಿಮಿಷಕ್ಕೆ ಬಟ್ಟಲ ಮೇಲೆ ಒಂದು ಪೊರೆ ಕೂತಿತು. ಚಮಚದ ತುದಿಯಿಂದ ಮುಟ್ಟಿದರೆ ಕಾದ ಹಾಲಿನ ಕೆನೆಯ ಹಾಗೆ ಮಡಿಸಿಕೊಳ್ಳಲಿಲ್ಲ, ಒಣಗಿದ ಕೆರೆಯ ಮಣ್ಣಿನ ಹಾಗೆ ತುಂಡು ತುಂಡಾಗಿ ಒಡೆಯಿತು. ಬಣ್ಣ ಕೆಂಪಿನ ಬದಲು ಮಂಕು ಕಂದು. ಎಲೆ ಹಳಸಿದೆ ಎಂದು ಮಾರಿದವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಒಂದು ವಾರ ಬಿಟ್ಟು ಗೆಳೆಯನ ಮನೆಯಲ್ಲಿ ಕಾವೇರಿ ನೀರಿನಲ್ಲಿ ಅದೇ ಎಲೆಯನ್ನು ಇಳಿಸಿದಾಗ ಬಟ್ಟಲಲ್ಲಿ ತಿಳಿಯಾದ ಕೆಂಪು. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಚಹಾದ ಪಾಲಿಫಿನಾಲ್‌ಗಳ ಜೊತೆ ಸೇರಿ ಆ ಪೊರೆ ಕಟ್ಟುತ್ತದೆ. ನಾಲ್ಕು ಹನಿ ನಿಂಬೆರಸ ಬಿಟ್ಟರೆ ಪೊರೆ ಹೋಗುತ್ತದೆ, ಜೊತೆಗೆ ಚಹಾದ ಸ್ವಂತ ರುಚಿಯೂ ಹೋಗುತ್ತದೆ.

ಹಾಗಂತ ಆರ್‌ಒ ನೀರು ಉತ್ತರವಾಗಲಾರದು. ಅದರಲ್ಲಿ ಲವಣ ತೀರಾ ಕಡಿಮೆಯಾದರೆ ಚಹಾ ಸಪ್ಪೆಯಾಗಿ, ಬರೀ ಒಗರೇ ಮುಂದೆ ಬರುತ್ತದೆ. ಮನೆಯಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣದ ಪ್ರಮಾಣ, ಅಳೆಯುವ ಕಡ್ಡಿ ಇದ್ದರೆ 50ರಿಂದ 150ರ ನಡುವೆ ಬರುವ ನೀರನ್ನು ಆರಿಸಿ. ಆರ್‌ಒ ನೀರಿಗೆ ಸ್ವಲ್ಪ ನಲ್ಲಿ ನೀರು ಬೆರೆಸಿ ಅಲ್ಲಿಗೆ ತಂದುಕೊಳ್ಳಬಹುದು. ಮಲೆನಾಡಿನಲ್ಲಿ ಬೆಟ್ಟದ ಝರಿಯ ನೀರನ್ನು ಪೈಪಿನಲ್ಲಿ ಮನೆಗೆ ಇಳಿಸಿಕೊಂಡವರು ಈ ಪ್ಯಾರಾವನ್ನು ಓದಬೇಕಾಗಿಯೇ ಇರಲಿಲ್ಲ.

ಇನ್ನು ಬಿಸಿ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಹತ್ತಿರವೇ ಕುದಿ ಬರುತ್ತದೆ. ಯುನ್ನಾನ್‌ನ ರಾಜಧಾನಿ ಕುನ್‌ಮಿಂಗ್ ಇರುವುದು ಸುಮಾರು 1900 ಮೀಟರ್ ಎತ್ತರದಲ್ಲಿ. ಅಲ್ಲಿ ಎಷ್ಟೇ ಉರಿ ಹಾಕಿದರೂ ನೀರು 94ರ ಆಸುಪಾಸು ದಾಟುವುದಿಲ್ಲ. ದಿಯೆನ್‌ಹೊಂಗ್‌ಗೆ 90ರಿಂದ 95 ಡಿಗ್ರಿ ಸರಿ ಅನ್ನುತ್ತಾರಲ್ಲ, ಆ ಊರಿನ ಕೆಟಲ್ ತಾನಾಗಿಯೇ ಕೊಡುವ ಬಿಸಿ ಅದು. ಥರ್ಮಾಮೀಟರ್ ಬೇಡ. ಬೆಂಗಳೂರು, ಮೈಸೂರಿನವರು ಕುದಿ ಬಂದ ಮೇಲೆ ಮುಚ್ಚಳ ತೆಗೆದು ಒಂದು ನಿಮಿಷ ಬಿಡಿ, ಕರಾವಳಿಯವರು ಎರಡು ನಿಮಿಷ.

ಪಾತ್ರೆ

ಚೀನೀಯರು ಬಳಸುವುದು ಗೈವಾನ್: ಮುಚ್ಚಳ, ತಟ್ಟೆ ಇರುವ ಪಿಂಗಾಣಿ ಬಟ್ಟಲು, ಸುಮಾರು 100 ಮಿಲಿ ಹಿಡಿಯುವಂಥದ್ದು. ಇಲ್ಲದಿದ್ದರೆ ಒಂದು ಚಿಕ್ಕ ಪಿಂಗಾಣಿ ಕಪ್ಪು, ಅದರ ಬಾಯಿಗೆ ಕೂರುವ ಸಾಸರ್, ಟೀ ಸೋಸುವ ಜಾಲರಿ, ಇಷ್ಟರಲ್ಲೇ ಕೆಲಸ ಸಾಗುತ್ತದೆ. ಸೋಸಿ ಹಾಕಲು ಗಾಜಿನ ಲೋಟ ಇರಲಿ, ಬಣ್ಣ ಕಾಣಬೇಕು. ಫಿಲ್ಟರ್ ಕಾಫಿಯ ಪಾತ್ರೆಗಳನ್ನು ದಯವಿಟ್ಟು ಮುಟ್ಟಬೇಡಿ. ಎಷ್ಟು ತಿಕ್ಕಿದರೂ ಕಾಫಿ ಎಣ್ಣೆಯ ವಾಸನೆ ಬಿಡುವುದಿಲ್ಲ. 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇದ್ದರೆ ಒಳ್ಳೆಯದು. ಸುರುಳಿ ಸುರುಳಿ ಎಲೆಯನ್ನು ಚಮಚದಲ್ಲಿ ಅಳೆದರೆ ಒಂದು ದಿನ 2 ಗ್ರಾಂ, ಇನ್ನೊಂದು ದಿನ 4 ಗ್ರಾಂ ಬೀಳುತ್ತದೆ.

ದೊಡ್ಡ ಲೋಟದ ವಿಧಾನ

ಬೆಳಿಗ್ಗೆ ಆತುರದಲ್ಲಿ ಇರುವವರಿಗೆ ಇದು. 200 ಮಿಲಿ ನೀರಿಗೆ 3 ಗ್ರಾಂ ಎಲೆ. ಬಿಸಿನೀರು ಹುಯ್ದು, ಮುಚ್ಚಿ, ಮೂರು ನಿಮಿಷ. ಪೂರ್ತಿ ಸೋಸಿಬಿಡಿ, ಎಲೆಯನ್ನು ನೀರಲ್ಲೇ ಬಿಟ್ಟು ಕುಡಿಯುತ್ತಾ ಕೂರಬೇಡಿ. ಅದೇ ಎಲೆಗೆ ಇನ್ನೊಮ್ಮೆ ನೀರು ಹುಯ್ದು ಐದು ನಿಮಿಷ ಬಿಟ್ಟರೆ ಎರಡನೇ ಲೋಟ. ಅಷ್ಟೇ.

ಚಿಕ್ಕ ಬಟ್ಟಲ ವಿಧಾನ

ಎಲೆ ಹೆಚ್ಚು, ನೀರು ಕಡಿಮೆ, ಹೊತ್ತು ತೀರಾ ಕಡಿಮೆ, ಸುತ್ತುಗಳು ಹಲವು. ಗೊಂಗ್‌ಫು ಅನ್ನುತ್ತಾರೆ. ಹೆಸರು ಕೇಳಿದರೆ ಏನೋ ದೊಡ್ಡ ವಿದ್ಯೆ ಅನಿಸುತ್ತದೆ; ಒಂದು ಭಾನುವಾರ ಬೆಳಿಗ್ಗೆ ಕೂತರೆ ಕೈಗೆ ಬರುತ್ತದೆ.

1. ಗೈವಾನ್ ಮತ್ತು ಲೋಟಗಳಿಗೆ ಕುದಿನೀರು ಹಾಕಿ, ಅರ್ಧ ನಿಮಿಷ ಬಿಟ್ಟು ಚೆಲ್ಲಿ. ತಣ್ಣನೆಯ ಪಿಂಗಾಣಿ ಮೊದಲ ಸುತ್ತಿನ ಬಿಸಿಯನ್ನೆಲ್ಲ ತಾನೇ ಕುಡಿದುಬಿಡುತ್ತದೆ.

2. 100 ಮಿಲಿ ಬಟ್ಟಲಿಗೆ 4 ಗ್ರಾಂ ಎಲೆ ಹಾಕಿ, ಮುಚ್ಚಿ, ಎರಡು ಸಲ ಮೆಲ್ಲಗೆ ಕುಲುಕಿ. ಮುಚ್ಚಳವನ್ನು ಒಂಚೂರು ಸರಿಸಿ ಮೂಗು ಹತ್ತಿರ ತನ್ನಿ. ಒಣ ಎಲೆ ಪಾತ್ರೆಯ ಬಿಸಿಗೆ ಬಿಡುವ ಈ ಪರಿಮಳ ಮುಂದೆ ಯಾವ ಸುತ್ತಿನಲ್ಲೂ ಮತ್ತೆ ಸಿಗುವುದಿಲ್ಲ.

3. ಎಲೆ ತೊಳೆಯಬೇಕೇ ಎಂದು ಕೇಳುವವರಿದ್ದಾರೆ. ಒತ್ತಿ ಬಿಲ್ಲೆ ಮಾಡಿದ ಪುಅರ್‌ಗೆ ತೊಳೆಯುವುದು ವಾಡಿಕೆ. ದಿಯೆನ್‌ಹೊಂಗ್‌ನ ಮೊದಲ ನೀರಿನಲ್ಲೇ ಜೇನಿನ ಅಂಶ ಇರುವುದರಿಂದ ನಾನು ಚೆಲ್ಲುವುದಿಲ್ಲ.

4. ನೀರನ್ನು ಎಲೆಯ ನೆತ್ತಿಗೆ ಸುರಿಯದೆ, ಬಟ್ಟಲಿನ ಗೋಡೆಗುಂಟ ಸಣ್ಣ ಧಾರೆಯಾಗಿ ಇಳಿಸಿ. ಮುಚ್ಚಿ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ.

5. ಮುಚ್ಚಳವನ್ನು ಎಲೆ ಜಾರದಷ್ಟು ಓರೆ ಮಾಡಿ, ಬಟ್ಟಲಿನ ಅಂಚನ್ನು ಹೆಬ್ಬೆರಳು ಮತ್ತು ನಡುಬೆರಳಲ್ಲಿ ಹಿಡಿದು, ತೋರುಬೆರಳನ್ನು ಮುಚ್ಚಳದ ಗುಬುಟಿಯ ಮೇಲೆ ಒತ್ತಿ, ಒಮ್ಮೆಗೇ ಬಗ್ಗಿಸಿ. ಹಿಂಜರಿದು ನಿಧಾನ ಮಾಡಿದರೆ ಬೆರಳು ಸುಡುತ್ತದೆ. ಬಟ್ಟಲನ್ನು ಕಂಠಪೂರ್ತಿ ತುಂಬಿದರೂ ಸುಡುತ್ತದೆ. ಅಂಚಿಗಿಂತ ಒಂದು ಬೆರಳು ಕೆಳಗಿರಲಿ. ಮೊದಲೆರಡು ದಿನ ತಣ್ಣೀರಿನಲ್ಲಿ ಅಭ್ಯಾಸ ಮಾಡಿಕೊಳ್ಳಿ, ನಾಚಿಕೆಯೇನಿಲ್ಲ.

6. ಕೊನೆಯ ಹನಿವರೆಗೂ ಬಸಿಯಿರಿ. ತಳದಲ್ಲಿ ಉಳಿದ ಎರಡು ಚಮಚ ನೀರೇ ಮುಂದಿನ ಸುತ್ತನ್ನು ಕಹಿ ಮಾಡುವುದು. ಬಸಿದ ಮೇಲೆ ಮುಚ್ಚಳವನ್ನು ಸ್ವಲ್ಪ ತೆರೆದಿಡಿ, ಎಲೆ ಬೇಯದಿರಲಿ.

7. ಎರಡನೇ ಸುತ್ತಿಗೂ 10 ಸೆಕೆಂಡು. ಮುಂದೆ 15, 20, 30, 45, ಒಂದು ನಿಮಿಷ, ಒಂದೂವರೆ. ಒಳ್ಳೆಯ ಎಲೆ ಏಳೆಂಟು ಸುತ್ತು ಬರುತ್ತದೆ. ನೀರು ಬರೀ ಬೆಲ್ಲದ ನೆನಪಿನ ಹಾಗಾದಾಗ ನಿಲ್ಲಿಸಿ.

ಈ ಅಂಕಿಗಳನ್ನು ಪಂಚಾಂಗದ ಹಾಗೆ ಪಾಲಿಸಬೇಕಿಲ್ಲ. ನಿಮ್ಮ ಎಲೆಗೆ ತಕ್ಕಂತೆ ಹೊತ್ತನ್ನು ಹಿಗ್ಗಿಸಿ, ಕುಗ್ಗಿಸಿ. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲೆ, ಬಿಸಿ, ಹೊತ್ತು ಮೂರನ್ನೂ ಒಟ್ಟಿಗೆ ಬದಲಿಸಿದರೆ ರುಚಿ ಸುಧಾರಿಸಿದರೂ ಯಾಕೆ ಸುಧಾರಿಸಿತು ಎಂಬುದು ತಿಳಿಯುವುದಿಲ್ಲ.

ಸವಿಯುವುದು

ಚಹಾದ ಬಗ್ಗೆ ಇಂಗ್ಲಿಷ್‌ನಲ್ಲಿ ಓದಿ ಬಂದವರು ಮಾಲ್ಟ್ ಎಂಬ ಪದದ ಎದುರು ತಡವರಿಸುವುದನ್ನು ನೋಡಿದ್ದೇನೆ. ಧಾನ್ಯವನ್ನು ಮೊಳಕೆ ಬರಿಸಿ, ಒಣಗಿಸಿ, ಹುರಿದರೆ ಬರುವ ವಾಸನೆ ಅದು. ಮಗುವಿಗೆ ಮೊಳಕೆ ರಾಗಿಯ ಹಿಟ್ಟು ಮಾಡುವ ಮನೆಯಲ್ಲಿ ಬೆಳೆದವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ದಿಯೆನ್‌ಹೊಂಗ್‌ನ ಒದ್ದೆ ಎಲೆಯನ್ನು ಮೂಸಿದರೆ ಮೊದಲು ಸಿಗುವುದು ಹೆಚ್ಚಾಗಿ ಅದೇ. ಅದರ ಹಿಂದೆ ಕೆಂಡದಲ್ಲಿ ಸುಟ್ಟ ಗೆಣಸು. ಚೀನೀಯರೂ ಇದನ್ನು ಗೆಣಸಿನ ಪರಿಮಳ ಎಂದೇ ಕರೆಯುತ್ತಾರೆ. ಕೆಲವದರಲ್ಲಿ ಜೋನಿಬೆಲ್ಲ, ಖರ್ಜೂರ, ಕೋಕೋ. ಕೊನೆಗೆ ಗಂಟಲ ಹತ್ತಿರ ಒಂದು ಮೆಣಸಿನಕಾಳಿನ ಚುರುಕು. ನಿಮಗೆ ಇವು ಯಾವುದೂ ಸಿಗದೆ ಅಜ್ಜಿಯ ಟ್ರಂಕಿನ ವಾಸನೆ ಬಂತು ಅನ್ನಿ, ಅದನ್ನೇ ಬರೆದಿಟ್ಟುಕೊಳ್ಳಿ. ಎರವಲು ಪದಕ್ಕಿಂತ ಅದು ಮುಂದಿನ ಸಲ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲು ಕಣ್ಣು. ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಕಿತ್ತಳೆ ಬೆರೆತ ಕೆಂಪು, ತಿಳಿ ಇರಬೇಕು. ಅಡಿಕೆ ಬೇಯಿಸಿದ ಚೊಗರಿನ ಹಾಗೆ ಮಂದವಾದರೆ ಹೊತ್ತು ಹೆಚ್ಚಾಯಿತು ಅಂತ. ಬಿಳಿ ಪಿಂಗಾಣಿ ಬಟ್ಟಲಿಗೆ ಹಾಕಿದಾಗ ಅಂಚಿನಲ್ಲಿ ತೆಳುವಾದ ಹಳದಿ ಉಂಗುರ ಕಾಣುತ್ತದೆಯೇ ನೋಡಿ. ಎಲೆ ಕೆಂಪಾಗುವಾಗ ಹುಟ್ಟುವ ಥಿಯಾಫ್ಲೇವಿನ್ ಎಂಬ ಹೊಳಪಿನ ವಸ್ತು ಚೆನ್ನಾಗಿದ್ದರೆ ಆ ಉಂಗುರ ಎದ್ದು ಕಾಣುತ್ತದೆ.

ಆಮೇಲೆ ಮೂಗು. ಗೈವಾನ್ ಮುಚ್ಚಳದ ಒಳಬದಿಯಲ್ಲಿ ಪರಿಮಳ ದಟ್ಟವಾಗಿರುತ್ತದೆ, ಬಿಸಿ ಇರುವಾಗಲೇ ಮೂಸಿ. ಕುಡಿದು ಮುಗಿಸಿದ ಖಾಲಿ ಬಟ್ಟಲನ್ನೂ ಮೂಸಿ. ಅಲ್ಲಿ ಜೇನು, ಸಕ್ಕರೆ ಪಾಕದ ವಾಸನೆ ಉಳಿದಿದ್ದರೆ ಎಲೆ ಒಳ್ಳೆಯದು.

ಬಾಯಿಗೆ ಬಂದರೆ, ಮಕ್ಕಳಾಗಿದ್ದಾಗ ಬೈಸಿಕೊಂಡ ಕೆಲಸವನ್ನು ಇಲ್ಲಿ ಧೈರ್ಯವಾಗಿ ಮಾಡಬಹುದು: ಸೊರ್ ಎಂದು ಸದ್ದು ಮಾಡಿ ಹೀರಿ. ಗಾಳಿ ಸೇರಿದಾಗ ಚಹಾ ನಾಲಿಗೆ ತುಂಬ ಹರಡುತ್ತದೆ, ಪರಿಮಳ ಗಂಟಲ ಹಿಂಬದಿಯಿಂದ ಮೂಗಿಗೆ ಏರುತ್ತದೆ. ಒಂದು ಕ್ಷಣ ಬಾಯಲ್ಲಿ ಹೊರಳಾಡಿಸಿ ನುಂಗಿ.

ಈಗ ಕಹಿಯನ್ನೂ ಒಗರನ್ನೂ ಬೇರೆ ಮಾಡಿ ನೋಡಿ. ಕಹಿ ನಾಲಿಗೆಯ ರುಚಿ, ಹಾಗಲಕಾಯಿಯದು. ಒಗರು ಬಾಯಿಯ ಒಳಗನ್ನೆಲ್ಲ ಹಿಡಿದೆಳೆಯುವ ಅನುಭವ, ಎಳೆ ಬಾಳೆಕಾಯಿ, ನೇರಳೆಹಣ್ಣಿನದು. ಷಡ್ರಸದಲ್ಲಿ ಎರಡಕ್ಕೂ ಬೇರೆ ಬೇರೆ ಮನೆ ಕೊಟ್ಟ ನಮಗೆ ಇದು ಸುಲಭ. ಚಹಾದಲ್ಲಿ ಹಿತವಾದ ಒಗರು ಇರಲೇಬೇಕು, ಅದಿಲ್ಲದಿದ್ದರೆ ಬೆಲ್ಲದ ನೀರಾದೀತು. ಅದು ನುಂಗಿದ ಮೇಲೆ ಕರಗಿ ಹೋಗುತ್ತದೆಯೋ, ಹಲ್ಲಿನ ಮೇಲೆ ಅಂಟಿಕೊಂಡೇ ಇರುತ್ತದೆಯೋ ಗಮನಿಸಿ. ಕರಗಿದ ಜಾಗದಲ್ಲಿ ನಿಧಾನವಾಗಿ ಒಂದು ಸಿಹಿ ಬರುತ್ತದೆ. ಚೀನೀಯರು ಅದನ್ನು ಹ್ವೇಗಾನ್, ಮರಳಿ ಬರುವ ಸಿಹಿ ಅನ್ನುತ್ತಾರೆ. ಬೆಟ್ಟದ ನೆಲ್ಲಿಕಾಯಿ ಕಚ್ಚಿ ನೀರು ಕುಡಿದಾಗ ಬಾಯೆಲ್ಲ ಸಿಹಿಯಾಗುತ್ತದಲ್ಲ, ಅದೇ ಜಾತಿಯದು, ಸ್ವಲ್ಪ ಮೆಲುದನಿಯಲ್ಲಿ.

ಒಂದು ಬಟ್ಟಲನ್ನು ಬೇಕೆಂದೇ ಆರಲು ಬಿಡಿ. ಗಟ್ಟಿ ಚಹಾ ಪೂರ್ತಿ ತಣ್ಣಗಾದಾಗ ಹಾಲಿನ ಹನಿ ಬಿದ್ದಂತೆ ಮಬ್ಬಾಗುತ್ತದೆ. ಕೆಟ್ಟಿತು ಎಂದು ಚೆಲ್ಲಬೇಡಿ. ಕೆಫೀನ್ ಮತ್ತು ಥಿಯಾಫ್ಲೇವಿನ್‌ನಂಥ ವಸ್ತುಗಳು ತಂಪಿಗೆ ಒಂದಕ್ಕೊಂದು ಅಂಟಿಕೊಂಡದ್ದು ಅದು, ಬಿಸಿ ಮಾಡಿದರೆ ಮತ್ತೆ ತಿಳಿಯಾಗುತ್ತದೆ. ಎಲೆಯಲ್ಲಿ ಸತ್ವ ಇದೆ ಎಂಬುದಕ್ಕೆ ಇದೂ ಒಂದು ಗುರುತು.

ಕೊನೆಗೆ ಒದ್ದೆ ಎಲೆಯನ್ನು ತಟ್ಟೆಯ ಮೇಲೆ ಹರಡಿ ಬೆರಳಲ್ಲಿ ಬಿಡಿಸಿ. ತಾಮ್ರದ ಬಣ್ಣ, ಒತ್ತಿದರೆ ಮೆತ್ತಗೆ, ಕುಡಿಯೂ ಎಲೆಯೂ ಗುರುತಿಸುವಷ್ಟು ಇಡಿಯಾಗಿ ಇರಬೇಕು. ಹಸಿರು ಮಚ್ಚೆ ಹೆಚ್ಚಿದ್ದರೆ ಕೆಂಪಾಗುವ ಮೊದಲೇ ಒಣಗಿಸಿದ್ದಾರೆ. ಕಪ್ಪಾಗಿ ಬಿರುಸಾಗಿ ಬಿಡಿಸಲೂ ಬರದಿದ್ದರೆ ಒಣಗಿಸುವಾಗ ಬೆಂಕಿ ಜಾಸ್ತಿಯಾಗಿದೆ.

ಹದ ತಪ್ಪಿದಾಗ

ಕಹಿ ಬಂದರೆ ಮೊದಲು ಹೊತ್ತು ಇಳಿಸಿ, ಆಮೇಲೆ ಬಿಸಿ ಇಳಿಸಿ. ಎಲೆ ಕಡಿಮೆ ಮಾಡುವುದು ಕೊನೆಯ ಉಪಾಯ, ಎಲೆಯ ಜೊತೆ ಪರಿಮಳವೂ ಹೋಗುತ್ತದೆ. ಸಪ್ಪೆಯಾದರೆ ನೀರು ಆರಿತ್ತೇ, ಪಾತ್ರೆ ತಣ್ಣಗಿತ್ತೇ ನೋಡಿ. ಹುಳಿ ಬಂದರೆ ಒಂದೋ ಬಿಸಿಲಲ್ಲಿ ಒಣಗಿಸಿದ ಎಲೆ, ಇಲ್ಲವೇ ತಯಾರಿಕೆಯಲ್ಲೇ ದೋಷ. ಮನೆಯಲ್ಲಿ ಸರಿಪಡಿಸಲು ಆಗದು. ಎಲ್ಲ ಸರಿಯಿದ್ದೂ ಮಂಕಾಗಿದ್ದರೆ ನೀರನ್ನು ಬದಲಿಸಿ.

ಹಾಲು ಹಾಕಬಹುದೇ? ದೊಡ್ಡ ಲೋಟದ ವಿಧಾನದಲ್ಲಿ ಎಲೆ 5 ಗ್ರಾಂಗೆ ಏರಿಸಿ, ಐದು ನಿಮಿಷ ಬಿಟ್ಟು ಹಾಕಿದರೆ ಹಾಲನ್ನು ತಡೆದುಕೊಳ್ಳುತ್ತದೆ, ಅಸ್ಸಾಮಿನ ದಾಯಾದಿ ತಾನೇ. ಆದರೆ ಅದಕ್ಕೆ ಅಷ್ಟು ದುಡ್ಡು ಕೊಟ್ಟು ಇದೇ ಎಲೆ ಬೇಕಿಲ್ಲ. ಬೇಸಿಗೆಗೆ ಒಂದು ಒಳ್ಳೆಯ ದಾರಿಯಿದೆ: ಅರ್ಧ ಲೀಟರ್ ತಣ್ಣೀರಿಗೆ 5 ಗ್ರಾಂ ಎಲೆ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಸೋಸಿ. ಒಗರು ಬಹಳ ಕಡಿಮೆ, ಸಿಹಿ ಮಾತ್ರ ಮುಂದೆ. ಕೆಫೀನ್ ಇದರಲ್ಲೂ ಇರುತ್ತದೆ, ಸಂಜೆ ಐದರ ಮೇಲೆ ನಾನಂತೂ ಮುಟ್ಟುವುದಿಲ್ಲ.

ಎರಡನ್ನು ಪಕ್ಕಪಕ್ಕ ಇಟ್ಟು

ಒಂದೇ ಚಹಾವನ್ನು ತಿಂಗಳುಗಟ್ಟಲೆ ಕುಡಿದು ಕಲಿಯುವುದಕ್ಕಿಂತ ಹೆಚ್ಚನ್ನು ಎರಡನ್ನು ಒಟ್ಟಿಗೆ ಕುಡಿದು ಒಂದೇ ಬೆಳಿಗ್ಗೆ ಕಲಿಯಬಹುದು. ಪರೀಕ್ಷಕರ ಅಳತೆ ಸರಳ: ಚೀನಾದಲ್ಲಿ 150 ಮಿಲಿ ಕುದಿನೀರಿಗೆ 3 ಗ್ರಾಂ, ಐದು ನಿಮಿಷ. ಅಂತರರಾಷ್ಟ್ರೀಯ ಮಾನಕ ಐಎಸ್ಒ 3103ರಲ್ಲಿ 100 ಮಿಲಿಗೆ 2 ಗ್ರಾಂ, ಆರು ನಿಮಿಷ. ಎರಡರಲ್ಲೂ ಎಲೆ–ನೀರಿನ ಪ್ರಮಾಣ ಒಂದೇ. ಇದು ಎಲೆಯ ಗುಣದ ಜೊತೆ ದೋಷವನ್ನೂ ಹೊರಗೆಳೆಯುವ ಅಳತೆ, ಖುಷಿಗೆ ಕುಡಿಯುವುದಕ್ಕಲ್ಲ.

ಮೊದಲ ಜೋಡಿಯಾಗಿ ದಿಯೆನ್‌ಹೊಂಗ್ ಪಕ್ಕ ಸಿಟಿಸಿ ಅಲ್ಲದ, ಇಡೀ ಎಲೆಯ ಅಸ್ಸಾಂ ಇಡಿ. ಒಂದೇ ತಳಿ, ಬೇರೆ ನೆಲ, ಬೇರೆ ಕೈ. ಎರಡನೇ ಜೋಡಿಗೆ ಆನ್‌ಹುಯಿ ಪ್ರಾಂತ್ಯದ ಚೀಮನ್, ಪೊಟ್ಟಣಗಳ ಮೇಲೆ ಕೀಮುನ್ ಎಂದಿರುತ್ತದೆ. 1875ರ ಸುಮಾರಿಗೆ ಶುರುವಾದ, ಸಣ್ಣೆಲೆಯ ಗಿಡದ ಚಹಾ ಅದು. ದಿಯೆನ್‌ಹೊಂಗ್ ಬಾಯಿ ತುಂಬಿದರೆ ಚೀಮನ್ ಮೂಗು ತುಂಬುತ್ತದೆ. ಗುಲಾಬಿಯ ಹತ್ತಿರದ ಹೂವಿನ ಪರಿಮಳ, ತೆಳುವಾದ ಮೈ. ಬಟ್ಟಲುಗಳು ಒಂದೇ ಬಗೆಯವಾಗಿರಲಿ. ಯಾವುದು ಯಾವುದೆಂದು ತಳಕ್ಕೆ ಚೀಟಿ ಅಂಟಿಸಿ, ಮನೆಯವರಿಂದ ಅದಲುಬದಲು ಮಾಡಿಸಿ ಕುಡಿಯಿರಿ. ಬೆಲೆ ಗೊತ್ತಿದ್ದರೆ ನಾಲಿಗೆ ಸುಳ್ಳು ಹೇಳುತ್ತದೆ.

ಇಡುವುದು

ಗಾಳಿಯಾಡದ ಡಬ್ಬಿ, ಬೆಳಕು ಬೀಳದ ಜಾಗ. ಫ್ರಿಜ್ ಬೇಡ, ಹೊರತೆಗೆದಾಗಲೆಲ್ಲ ಡಬ್ಬಿಯೊಳಗೆ ತೇವ ಕೂರುತ್ತದೆ. ಮಳೆಗಾಲದಲ್ಲಿ, ಮಲೆನಾಡು ಕರಾವಳಿಯಲ್ಲಂತೂ, ಒಂದು ವಾರಕ್ಕೆ ಬೇಕಾದಷ್ಟನ್ನು ಚಿಕ್ಕ ಡಬ್ಬಿಗೆ ಹಾಕಿಕೊಂಡು ಉಳಿದದ್ದನ್ನು ಪೊಟ್ಟಣದಲ್ಲೇ ಬಿಗಿಯಾಗಿ ಕಟ್ಟಿಡಿ. ಒಂದೂವರೆ ಎರಡು ವರ್ಷದೊಳಗೆ ಮುಗಿಸಿ. ಮತ್ತೆ, ಸಾಂಬಾರ ಪದಾರ್ಥಗಳಿಂದ ದೂರ ಇಡಿ. ನನ್ನದೊಂದು ಡಬ್ಬಿ ಸಾರಿನ ಪುಡಿ, ಇಂಗಿನ ಡಬ್ಬಿಗಳ ನೆರೆಯಲ್ಲಿ ಮೂರು ವಾರ ಇತ್ತು, ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ತೆರೆದಾಗ ಸುಟ್ಟ ಗೆಣಸೂ ಇಲ್ಲ, ಜೇನೂ ಇಲ್ಲ. ಅಷ್ಟನ್ನೂ ಶುಂಠಿ ಜಜ್ಜಿ ಹಾಕಿ, ಹಾಲು ಹುಯ್ದು, ಚೆನ್ನಾಗಿ ಕುದಿಸಿ ಕುಡಿದು ಮುಗಿಸಿದೆವು.